ಒಂಬತ್ತು ದುಂಡು ಹರಳು: ಹನ್ನೊಂದನೆಯ ಕಂತು

“ಇದರಾಗ ಏನೂ ಇಲ್ಲ ತಂಗಿ. ಬರೇ ಬೆಣಚಿ,” ಎಂದಳು ಮಾಳವ್ವ.

ಮೊಣಕಾಲುದ್ದದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ ನಿಂತಿದ್ದ ಮುದುಕಿ, ಕಟ್ಟಿಗೆಯ ಮರಿಗೆಯನ್ನು ಅಕ್ಕಿ ಗಾಳಿಸುವ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತಿದ್ದಳು. ಪ್ರತಿ ತೂಗಿಗೂ ಬಿಳಿಯ ಪುಡಿ ಅಂಚು ದಾಟಿ ಹಳ್ಳದ ಪಾಲಾಗುತ್ತಿತ್ತು. ಭಾರವಾದದ್ದು ತಳದಲ್ಲಿ ಉಳಿಯಬೇಕು. ಆದರೆ ಉಳಿಯುವಷ್ಟು ಭಾರವಾದದ್ದು ಅದರಲ್ಲಿ ಏನೂ ಇರಲಿಲ್ಲ.

ದಂಡೆಯ ಮೇಲೆ ಕುಳಿತಿದ್ದ ಭಾಗ್ಯಾಳಿಗೆ ಅದು ಮೊದಲೇ ಗೊತ್ತಿತ್ತು. ಆ ಬೆಣಚುಕಲ್ಲನ್ನು ಗದಗದ ಕಾಲೇಜಿನ ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿದವಳು ಅವಳೇ. ಚಿಟಿಕೆ ಚಿಟಿಕೆಯಾಗಿ ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಮೂರು ದಿನ ಕಣ್ಣು ಕೆಂಪಾಗುವ ತನಕ ನೋಡಿದವಳೂ ಅವಳೇ. ಒಂದೇ ಒಂದು ಜಿರ್ಕಾನ್ ಹರಳು ಅದರಲ್ಲಿರಲಿಲ್ಲ. ಅದಕ್ಕೇ ತಂದಿದ್ದಳು. ಇಲ್ಲದ ಹರಳು ಕೊನೆಯಲ್ಲಿ ಕಾಣಿಸಿಕೊಂಡರೆ, ಅದು ಇಲ್ಲಿ ತೊಳೆದು ಕೊಡುವ ನಡುವೆ ಎಲ್ಲೋ ಸೇರಿರಬೇಕು.

ಈ ಉಪಾಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಜೀಪು ಓಡಿಸಿಕೊಂಡು ಬಂದ ರಫೀಕನಿಗೂ ಹೇಳಿರಲಿಲ್ಲ.

“ಅಕ್ಕಾರ,” ಎಂದ ರಫೀಕ, ಜೀಪಿನ ಬಾಗಿಲಿಗೆ ಒರಗಿಕೊಂಡು. “ಕಲ್ಲ ಕುಟ್ಟಿ ಹಳ್ಳಕ್ಕ ಚೆಲ್ಲಾಕ ಮುಂಡರಗಿ ತನಾ ಡೀಜಲ್ ಸುಟ್ಟೇವಿ. ಗದಗದಾಗ ನಳಾ ಇದ್ದಿಲ್ಲೇನ್ರಿ?”

“ಸುಮ್ಕಿರ್ರಿ ರಫೀಕಣ್ಣಾ.”

“ಸುಮ್ನ ಅದೇನಿ. ನೀವ ಸುಮ್ನ ಇರಾವ್ರು, ನಾ ಸುಮ್ನ ಇರಾಂವ. ಬರೂ ಮುಂದ ಜೀಪಾಗ ಇಂಜಿನ್ ಒಂದ ಮಾತಾಡ್ತು.”

ಭಾಗ್ಯಾ ನಗಲಿಲ್ಲ. ಕಾಲೇಜಿನ ಭೂವಿಜ್ಞಾನ ವಿಭಾಗದ ಸಂಶೋಧಕ ಶಿವಯೋಗಿ ಬೆಟಗೇರಿಯ ಮನೆ ಬಿಟ್ಟು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಅವನು ತಂದ ಕಲ್ಲಿನ ಮಾದರಿಗಳ ಹದಿನೇಳನೆಯ ಚೀಲದಲ್ಲಿ ಹೊರಗಿನ ಹರಳು ಬೆರೆಸಿದವರು ಯಾರು ಎಂಬುದು ಸೋಮವಾರದೊಳಗೆ ಗೊತ್ತಾಗದಿದ್ದರೆ, ವಿಚಾರಣಾ ಸಮಿತಿ ಅವನ ಹೆಸರಿನ ಮುಂದೆ ‘ಮೋಸ’ ಎಂದು ಬರೆದು ಕಡತ ಮುಚ್ಚಲಿತ್ತು.

ಇವತ್ತು ಶನಿವಾರ.

ಆ ಚೀಲ ಬಂದದ್ದು ಶಿರಹಟ್ಟಿಯ ಆಚೆಯ ಒಂದು ಬೋಳು ಗುಡ್ಡದಿಂದ. ಬೂದು ಬಣ್ಣದ ಸಾಮಾನ್ಯ ಬಂಡೆ. ಅದನ್ನು ಕುಟ್ಟಿ, ತೊಳೆದು, ಹರಳು ಆರಿಸಿ, ದೂರದ ಊರಿನ ಯಂತ್ರಕ್ಕೆ ಕಳಿಸಿದ್ದರು. ಜಿರ್ಕಾನ್ ರವೆಯ ಕಾಳಿಗಿಂತ ಸಣ್ಣದು. ಭೂಮಿಯ ಒಡಲಲ್ಲಿ ಕರಗಿದ ಕಲ್ಲು ಆರುವಾಗ ಹುಟ್ಟುತ್ತದೆ. ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಮಾತ್ರ ಹತ್ತಿರ ಬರಗೊಡುವುದಿಲ್ಲ. ಆಮೇಲೆ ಒಳಗಿನ ಯುರೇನಿಯಂ ಯುಗಯುಗಗಳ ತನಕ ಕೊಂಚ ಕೊಂಚವೇ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸ ಕೂಡಿದೆ ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ.

“ಇದರಷ್ಟು ತಡಕೊಳ್ಳೂ ಜಾತಿ ಮತ್ತೊಂದಿಲ್ಲ ನೋಡು ಭಾಗ್ಯಾ,” ಎಂದಿದ್ದ ಶಿವಯೋಗಿ ಒಂದು ಮಧ್ಯಾಹ್ನ. “ಬಂಡಿಗಲ್ಲ ಕರಗಲಿ, ಗುಡ್ಡ ಸವೀಲಿ. ಒಳಗ ಇಟಕೊಂಡದ್ದನ್ನ ಬಿಡೂದಿಲ್ಲ.”

ಅವಳು ಆಗ ಕಣ್ಣು ಕೆಳಗೆ ಹಾಕಿದ್ದಳು. ತನ್ನೊಳಗೂ ಹಾಗೆ ಇಟ್ಟುಕೊಂಡದ್ದು ಒಂದಿದೆ ಎಂದು ಹೇಳುವುದಕ್ಕೆ ಬಾಯಿ ಬಂದಿರಲಿಲ್ಲ. ಪ್ರಯೋಗಾಲಯದ ಸಹಾಯಕಿ ಅವಳು. ಚೀಟಿ ಅಂಟಿಸುವುದು, ಬಾಟಲಿ ತೊಳೆಯುವುದು, ಅಷ್ಟೇ ತನ್ನ ಪಾಲು ಎಂದುಕೊಂಡವಳು.

ಹದಿನೇಳನೆಯ ಚೀಲದಲ್ಲಿ ನೂರ ಹನ್ನೆರಡು ಹರಳು ಸಿಕ್ಕವು. ನೂರ ಮೂರು ಹರಳಿಗೆ ಇನ್ನೂರ ಅರವತ್ತು ಕೋಟಿ ವರ್ಷ. ಉಳಿದ ಒಂಬತ್ತಕ್ಕೆ ಮುನ್ನೂರ ನಲವತ್ತು ಕೋಟಿ. ಅವುಗಳೊಳಗಿನ ಹಾಫ್ನಿಯಂ ಎಂಬ ಧಾತುವಿನ ಅಳತೆ ಇನ್ನೂ ದೊಡ್ಡ ಸುದ್ದಿ ಹೇಳಿತು. ಅವುಗಳನ್ನು ಹೆತ್ತ ಕರಗಿದ ಕಲ್ಲು ಹಳೆಯ ನೆಲವನ್ನು ಮತ್ತೆ ಬೇಯಿಸಿದ್ದಲ್ಲ. ಆಳದಿಂದ ಹೊಸದಾಗಿ ಎದ್ದು ಬಂದು, ಈ ಭಾಗದ ನೆಲಕ್ಕೆ ಮೊದಲ ತುಂಡಾಗಿ ನಿಂತದ್ದು. ಸುದ್ದಿ ಕೇಳಿ ಶಿವಯೋಗಿ ಪ್ರಯೋಗಾಲಯದಲ್ಲಿ ಎರಡು ಸುತ್ತು ಕುಣಿದಿದ್ದ.

ಆರು ತಿಂಗಳಿಗೆ ದೂರು ಬಂತು. ಆ ಒಂಬತ್ತು ಹರಳು ಆ ಬಂಡೆಯವಲ್ಲ, ಹೊರಗಿನವು ಬೆರೆತಿವೆ.

ದೂರಿನಲ್ಲಿ ಸುಳ್ಳಿರಲಿಲ್ಲ. ಅದನ್ನು ಭಾಗ್ಯಾ ತನ್ನ ಕಣ್ಣಾರೆ ಕಂಡುಕೊಂಡಿದ್ದಳು. ಬಂಡೆಯೊಳಗಿಂದ ಬಿಡಿಸಿದ ಹರಳಿಗೆ ಮೂಲೆಗಳಿರುತ್ತವೆ, ಚೂಪಾದ ತುದಿಗಳಿರುತ್ತವೆ. ಆ ಒಂಬತ್ತು ದುಂಡಗಿದ್ದವು. ಮೈ ಉಜ್ಜಿ ಮಸುಕಾಗಿತ್ತು. ಬಣ್ಣ ಎಳೆಯ ದಾಳಿಂಬೆ ಬೀಜದ್ದು. ಹಳ್ಳದಲ್ಲಿ ಉರುಳಿ ಉರುಳಿ ಮೂಲೆ ಕಳೆದುಕೊಂಡ ಹರಳು ಮಾತ್ರ ಹಾಗಿರುತ್ತದೆ.

ಬೆರೆತದ್ದು ಖಂಡಿತ. ಬೆರೆಸಿದ ಕೈ ಯಾವುದು? ಚೀಲವನ್ನು ಜೀಪಿನಲ್ಲಿ ಗದಗಕ್ಕೆ ಸಾಗಿಸಿದ್ದು ರಫೀಕ. ಪ್ರಯೋಗಾಲಯದ ಬೀಗದ ಕೈ ಇದ್ದದ್ದು ಅಧ್ಯಾಪಕ ಕಳಕೇಶನ ಹತ್ತಿರ. ತೊಳೆದದ್ದು ಮಾಳವ್ವ. ತಲೆತಲಾಂತರದಿಂದ ಕಪ್ಪತಗುಡ್ಡದ ಹಳ್ಳಗಳ ಮರಳು ತೊಳೆದು ಬಂಗಾರದ ಕಣ ಹೆಕ್ಕಿದ ಮನೆತನ ಆಕೆಯದು. ಕಾಲೇಜಿನ ಯಂತ್ರಕ್ಕಿಂತ ಆಕೆಯ ಮರಿಗೆಯನ್ನೇ ಶಿವಯೋಗಿ ನಂಬಿದ್ದ.

“ಬಾ, ಮನಿಗೆ ಹೋಗೂಣು. ಒಣಗಿಸಿ ಪುಡಿಕಿ ಕಟ್ಟಿ ಕೊಡತೇನಿ,” ಎಂದು ಮಾಳವ್ವ ಮರಿಗೆ ಎತ್ತಿಕೊಂಡಳು. ಏರಿ ಹತ್ತುವಾಗ ಒಮ್ಮೆ ನಿಂತು ಭಾಗ್ಯಾಳ ಕೊರಳು ನೋಡಿದಳು. ಏನೋ ಕೇಳುವವಳಂತೆ ತುಟಿ ತೆರೆದು, ಕೇಳದೆ ಮುಂದೆ ನಡೆದಳು.

ಗುಡ್ಡದ ಬುಡಕ್ಕೆ ಆರೇ ಮನೆ. ಮಾಳವ್ವನದು ಕೊನೆಯದು. ಬಿಸಿಲಿನಿಂದ ಒಳಗೆ ಕಾಲಿಟ್ಟ ಭಾಗ್ಯಾಳಿಗೆ ಕಣ್ಣು ಕತ್ತಲಾಯಿತು. ಎರಡನೆಯ ಹೆಜ್ಜೆಗೆ ಕಾಲು ಏನಕ್ಕೋ ತಾಗಿ, ಮುಗ್ಗರಿಸಿ ಗೋಡೆ ಹಿಡಿದಳು. ಹೊಸ್ತಿಲು ದಾಟಿದ ಕೂಡಲೇ ನೆಲದಲ್ಲಿ ಹುಗಿದ, ಕಾಳು ಕುಟ್ಟುವ ಒಳ್ಳು. ಅದರ ಕಲ್ಲಿನ ಕಂಠ ಗೇಣುದ್ದ ಮೇಲೆ ಎದ್ದಿತ್ತು.

ಮಾಳವ್ವ ಬಾಯ್ತುಂಬ ನಕ್ಕಳು. “ಹೊಸದಾಗಿ ಬಂದವರು ಅದಕ್ಕ ನಮಸ್ಕಾರ ಮಾಡೇ ಬರಬೇಕು. ಶಿವಯೋಗಿ ಎಷ್ಟ ಸಲ ಬಿದ್ದಾನ! ‘ಆಯಿ, ಇದನ್ನ ಕಿತ್ತ ಒಗಿ’ ಅಂತಿದ್ದ.”

ಹಿಂದೆಯೇ ನೀರು ಕೇಳಲು ಬಂದ ರಫೀಕನೂ ಎಡವಿ, “ಯಾ ಅಲ್ಲಾ!” ಎಂದು ಕುಂಟುತ್ತ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ಮಾಳವ್ವ ತಳದಲ್ಲಿ ಉಳಿದ ಚಿಟಿಕೆಯಷ್ಟು ಬೆಣಚಿನ ಪುಡಿಯನ್ನು ತಾಟಿಗೆ ಸುರಿದು ಒಲೆಯ ಬಿಸಿಬೂದಿಯ ಮೇಲಿಟ್ಟಳು. ಅದನ್ನು ನೋಡಿ ಲೊಚಗುಟ್ಟಿದಳು. “ಅಷ್ಟ ದೂರಿಂದ ಬಂದಿ. ಬರಿಗೈಲೆ ಹೆಂಗ ಕಳಸೂದು?”

ಗೋಡೆಯ ಗೂಡಿನಿಂದ ಹಳೆಯ ಚಹಾಪುಡಿಯ ಡಬ್ಬಿ ತೆಗೆದಳು. ಮುಚ್ಚಳ ತೆಗೆದು ಮೂರು ಬೆರಳಲ್ಲಿ ಕಪ್ಪು ಮರಳು ಎತ್ತಿ ತಾಟಿನ ಮೇಲೆ ಉದುರಿಸಿದಳು. ಪಲ್ಯಕ್ಕೆ ಉಪ್ಪು ಹಾಕಿದಷ್ಟು ಸಹಜವಾಗಿ.

ಹದಿನಾಲ್ಕು ತಿಂಗಳು ಹುಡುಕಿದ ಕೈ, ಹಗಲು ಹೊತ್ತಿನಲ್ಲಿ, ಅವಳ ಎದುರೇ, ಅವಳಿಗಾಗಿಯೇ ಆ ಕೆಲಸ ಮಾಡಿ ಮುಗಿಸಿತ್ತು.

“ಆಯಿ... ಅದೇನು?”

“ಹೆಪ್ಪು.”

“ಹೆಪ್ಪಂದ್ರ?”

“ಹಾಲಿಗೆ ಹಾಕೂದಿಲ್ಲೇನು? ಹಂಗ. ನಮ್ಮತ್ತಿ ಕೊಟ್ಟದ್ದು. ಆಕಿಗೆ ಆಕಿ ಅತ್ತಿ ಕೊಟ್ಟಿದ್ಲು. ಮರಿಗಿ ಬಡವಾದ್ರ ಒಂದ ಚಿಟಿಕಿ ಹಾಕೂದು. ಬಂಗಾರ ಬಂಗಾರನ್ನ ಕರೀತೈತಿ. ನಮ್ಮನಿ ರೂಢಿ, ಬ್ಯಾರೆಯವರು ಮಾಡತಾರೋ ಇಲ್ಲೋ ನಾ ಅರಿಯೆ.”

“ಶಿವಯೋಗಿಯವರ ಚೀಲಕ್ಕೂ ಹಾಕಿದ್ದೇನು?”

“ಒಂದಕ್ಕ ಹಾಕಿದೆ. ಉಳದವೆಲ್ಲಾ ಚಲೋ ಇದ್ದುವು. ಅದೊಂದ ಬಾಳ ಬಡವಿತ್ತು ಪಾಪ. ಹುಡುಗ ಬಿಸಲಾಗ ಶಿರಹಟ್ಟಿಯಿಂದ ಹೊತಗೊಂಡ ಬಂದಿದ್ದ.”

ಪ್ರೀತಿಯಿಂದ ಹಾಕಿದ ಒಂದು ಚಿಟಿಕೆ. ಅದರಲ್ಲಿ ಒಂಬತ್ತು ಹರಳು.

“ಅವರಿಗೆ ಇದು ಗೊತ್ತಿತ್ತೇನು ಆಯಿ?”

“ಅವನೂ ಹಿಂಗ ಕೇಳಿದ. ಅಲ್ಲೇ, ನೀ ಕುಂತಲ್ಲೇ. ಹೋದ ವರ್ಷ ಗಣಪತಿ ಹೊತ್ತಿಗೆ. ಆಮ್ಯಾಲ ನಮ್ಮ ಯಜಮಾನ್ರ ಮಾತು ಬಂತು.”

ಮಾಳವ್ವ ಒಲೆಯ ಕಡೆ ತಿರುಗಿದಳು. ಗಂಡ ಸಂಗಪ್ಪ ಈ ಹಳ್ಳಗಳಲ್ಲೇ ಹೆಸರಾದ ಕೈ. ಮೂವತ್ತು ವರ್ಷದ ಹಿಂದೆ ಬಂಗಾರ ಹುಡುಕುವ ಯಾವುದೋ ಕಂಪನಿಯವರು ಮರಳು ತೊಳೆಸಿದರು. ಆತ ಇದೇ ಹೆಪ್ಪಿನ ಡಬ್ಬಿಗೆ ಕೈ ಹಾಕಿದ್ದನ್ನು ಕಂಡು, ಹತ್ತು ಮಂದಿಯ ಎದುರು ‘ಬೆರಕಿ ಮಾಡೂ ಕಳ್ಳ’ ಎಂದರು. ಆವತ್ತಿನಿಂದ ಆತ ಮರಿಗೆ ಮುಟ್ಟಲಿಲ್ಲ. ಸಾಯುವ ತನಕ ಹಳ್ಳದ ಕಡೆ ಮುಖ ಮಾಡಿ ಕೂಡಲಿಲ್ಲ.

“ಅದನ್ನ ಕೇಳಿ ಶಿವಯೋಗಿ ನನ್ನ ಕೈ ಹಿಡಕೊಂಡ. ‘ಆ ಮಾತ ಈ ಹೊಸ್ತಿಲ ಮತ್ತೊಮ್ಮೆ ತುಳಿಯೂದಿಲ್ಲ ಆಯಿ’ ಅಂದ. ಯಾಕಂದನೋ. ಹುಚ್ಚ ಹುಡುಗ.”

ಅದು ಅವನು ಊರು ಬಿಡುವ ಮುನ್ನಾದಿನ. ನಾಚಿಕೆಯಿಂದ ಓಡಿಹೋದ ಎಂದು ಊರೆಲ್ಲ ಆಡಿಕೊಂಡಿತ್ತು. ಭಾಗ್ಯಾ ಕೂಡ ರಾತ್ರಿ ರಾತ್ರಿ ಹಾಗೆ ಅಂದುಕೊಂಡು, ತನ್ನ ಮೇಲೆ ತಾನೇ ಸಿಟ್ಟಾಗಿದ್ದಳು. ಅವನು ಓಡಿರಲಿಲ್ಲ. ಬಾಯಿ ಕಟ್ಟಿಕೊಂಡು ಹೋಗಿದ್ದ. ಈ ಮುದುಕಿಗೆ ಅದರ ಸುಳಿವೂ ಇರಲಿಲ್ಲ.

ಭಾಗ್ಯಾ ಡಬ್ಬಿಯೊಳಗೆ ಬೆರಳಿಟ್ಟಳು. ಅರ್ಧ ಡಬ್ಬಿಯ ತನಕ ಮರಳು ತಣ್ಣಗೆ ಅಂಟಿತು.

“ಹೆಪ್ಪು ಹಸಿ ಐತಿ ಆಯಿ.”

“ನೀರ ಕೈ ಹಾಕಿದೆನಲ್ಲ,” ಎಂದು ಮಾಳವ್ವ ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

ಮೂರು ಬೆರಳಿನ ನೀರಿಗೆ ಅರ್ಧ ಡಬ್ಬಿ ತೊಯ್ಯುವುದಿಲ್ಲ. ಭಾಗ್ಯಾ ಅದನ್ನು ಕೇಳಬೇಕೆನ್ನುವಷ್ಟರಲ್ಲಿ ಹೊರಗೆ ಬೈಕಿನ ಸದ್ದು ಬಂದು ನಿಂತಿತು. ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದು, ಕಟ್ಟೆಯ ಮೇಲಿನ ರಫೀಕನಿಗೂ ಕೇಳುವಂತೆ ಗಟ್ಟಿಯಾಗಿ ಮಾತಾಡಿದರು.

“ಮಾಳವ್ವ ಅಂದ್ರ ನೀವ ಏನ್ರಿ? ಏನ ದಾರಿರಿ ಇದು! ಲಕ್ಷ್ಮೇಶ್ವರದಿಂದ ಬರೂತನಾ ನಾಕ ಮಂದೀನ ಕೇಳಬೇಕಾತು. ಮೊದಲನೇ ಸಲ ನೋಡ್ರಿ ಈ ಕಡೆ.”

ಕಳಕೇಶ. ಅದೇ ವಿಭಾಗದ ಅಧ್ಯಾಪಕ. ಒಂದು ಕಾಲಕ್ಕೆ ಶಿವಯೋಗಿಯ ಜೊತೆ ಒಂದೇ ಬುತ್ತಿ ಉಂಡವನು. ದೂರು ಬರೆದವನು.

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಒಳಗೆ ಬಂದ. ಒಂದು ಹೆಜ್ಜೆ. ಎರಡನೆಯದನ್ನು ಮೊಣಕಾಲು ಮಡಚಿ ಎತ್ತಿ, ಆಚೆ ಇಟ್ಟ. ಚಾಪೆಯ ಮೇಲೆ ಕುಳಿತ.

“ಓ, ಭಾಗ್ಯಾನೂ ಇಲ್ಲೇ ಅದಾಳ! ರಜಾ ಹಾಕಿ ಗುಡ್ಡ ನೋಡಾಕ ಬಂದಿಯೇನು?”

ಭಾಗ್ಯಾಳ ಕಣ್ಣು ಅವನ ಮುಖದ ಮೇಲಿರಲಿಲ್ಲ. ಕಾಲಿನ ಮೇಲಿತ್ತು.

“ಸೋಮವಾರಕ್ಕ ಒಂದ ಹೇಳಿಕಿ ಬೇಕಾಗೇತ್ರಿ,” ಎಂದು ಕಳಕೇಶ ಕಾಗದ ಬಿಡಿಸಿದ. “ಚೀಲ ಕೊಟ್ಟಂಗ ತೊಳದ ಕೊಟ್ಟೇನಿ, ನಾ ಏನೂ ಸೇರಿಸಿಲ್ಲ ಅಂತ. ಇಲ್ಲೊಂದ ಹೆಬ್ಬಟ್ಟ ಒತ್ತಿದ್ರ ಆತು.”

“ಹೆಬ್ಬಟ್ಟ ಯಾಕ? ನಂಗ ಸಹಿ ಬರತೈತಿ,” ಎಂದಳು ಮಾಳವ್ವ. “ನೀ ಏನ ಬರದಿ ಅನ್ನೂದನ್ನ ಓದಿ ಹೇಳು ಮೊದಲ.”

“ಸರ್,” ಎಂದಳು ಭಾಗ್ಯಾ. ಧ್ವನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಎಂದಳು. “ಸರ್. ನೀವು ಒಳ್ಳು ದಾಟಿ ಬಂದ್ರಿ.”

“ಏನು?”

“ಬಿಸಲಾಗಿಂದ ಬಂದವರಿಗೆ ಅದು ಕಾಣೂದಿಲ್ಲ. ನೀವು ಚಸ್ಮಾ ಸೈತ ಹಾಕ್ಕೊಂಡಿದ್ದಿಲ್ಲ. ನಾ ಬಿದ್ದೆ. ರಫೀಕಣ್ಣ ಬಿದ್ದ.”

“ಬಿದ್ದೇನಿ, ಖರೆ!” ಕಟ್ಟೆಯಿಂದ ರಫೀಕ ಕೂಗಿದ. “ಕಾಲಿನ ಬಟ್ಟ ಇನ್ನೂ ಚುಟುಚುಟು ಅನ್ನಾಕತ್ತೈತಿ.”

“ನೀವು ಮಾತ್ರ ಕಾಲ ಎತ್ತಿ ಇಟ್ರಿ. ಮೊದಲನೇ ಸಲ ಬಂದವರು ಹಂಗ ಇಡೂದಿಲ್ಲ ಸರ್.”

ಕಳಕೇಶ ಕನ್ನಡಕ ಹಾಕಿಕೊಂಡ. “ಬಂದದ್ದನ್ನ ಯಾರ ಮುಂದೂ ಆಡಬ್ಯಾಡ ಅಂತ ನೀನ ಹೇಳಿದ್ದಿ, ಅದಕ್ಕ ನಾ ಗುರತ ತೋರಸಲಿಲ್ಲ,” ಎಂದು ಮಾಳವ್ವ ಸೆರಗು ಸರಿಮಾಡಿಕೊಂಡಳು.

“ಎಷ್ಟ ಸಲ ಬಂದೀರಿ?” ಎಂದಳು ಭಾಗ್ಯಾ. ನಿಲ್ಲಿಸಿದರೆ ಮತ್ತೆ ಈ ಜನ್ಮದಲ್ಲಿ ಕೇಳಲಾರೆ ಎಂದು ಅವಳಿಗೆ ಗೊತ್ತಿತ್ತು. “ದೂರು ಬರಿಯೂಕಿಂತ ಮೊದಲ ಬಂದಿದ್ರಿ. ಈ ಡಬ್ಬಿ ನೋಡಿದ್ರಿ. ಗೊತ್ತಿದ್ದೂ ‘ಶಿವಯೋಗಿ ಬೆರಸ್ಯಾನ’ ಅಂತ ಬರದ್ರಿ.”

“‘ಬೆರತಾವು’ ಅಂತ ಬರದೇನಿ. ಓದಿ ನೋಡು. ಯಾರು ಅಂತ ನಾ ಬರದಿಲ್ಲ.”

“ಯಾರು ಅನ್ನೂದನ್ನ ಮುಚ್ಚಿಟ್ರಿ.”

“ಮುಚ್ಚಿಟ್ಟಾಂವ ಅವ!” ಕಳಕೇಶನ ಧ್ವನಿ ಏರಿತು. “ಗೊತ್ತಾದ ದಿನ ಬಂದು ‘ತಪ್ಪಾತು, ಹರಳು ಹೊರಗಿನವು’ ಅಂದಿದ್ರ ಮುಗದಿತ್ತು. ಅನಲಿಲ್ಲ. ಯಾಕ? ಹೇಳಿದ್ರ ಈ ಮುದಕಿ ಹೆಸರ ಬರತಿತ್ತು. ಈಗ ನೀ ಹೇಳು ಬೇಕಾದ್ರ. ಸೋಮವಾರ ನಾಕ ಮಂದಿ ಮುಂದ ನಿಂತು, ಬೆರಕಿ ಮಾಡಿದಾಕಿ ಮಾಳವ್ವ ಅನ್ನು. ಬಾಯಿ ಬರತೈತೇನು ನಿನಗ?”



ಮಾಳವ್ವ ತನ್ನ ಮೂರು ಬೆರಳುಗಳನ್ನು ನೋಡಿಕೊಂಡಳು. “ಆ ಮಾತ ಮತ್ತ ಬಂತಲ್ಲ,” ಎಂದಳು ಮೆಲ್ಲಗೆ. “ಅಂದ್ರ ನನ್ನ ಚಿಟಿಕೀಲೆ ಆ ಹುಡುಗನ ಹೆಸರ ಹೋತೇನು? ಅದಕ್ಕ ಮನಿ ಬಿಟ್ಟನೇನು?”

ಕಳಕೇಶ ತನ್ನ ಕಾಗದ ಮಡಚಿದ.

“ಬರಿ ತಂಗಿ,” ಎಂದಳು. ಧ್ವನಿ ಗಟ್ಟಿಯಾಗಿತ್ತು. “ನಾ ಹಾಕೇನಿ ಅಂತ ಬರಿ. ನಮ್ಮ ಯಜಮಾನ್ರು ಸುಮ್ನ ಕುಂತು ಸತ್ರು. ನಾ ಸುಮ್ನ ಕೂಡಾಂಗಿಲ್ಲ. ಸೋಮವಾರ ನಾನ ಬರತೇನಿ, ಡಬ್ಬಿ ತಗೊಂಡು.”

ಭಾಗ್ಯಾಳ ಕಣ್ಣು ತುಂಬಿತು. ಶಿವಯೋಗಿಯ ಹೆಸರು ಉಳಿಯಿತು. ಆದರೆ ಹೆಸರಿನ ಒಡೆಯ ಎಲ್ಲಿ?

“ಆಯಿ. ಹೆಪ್ಪು ಯಾಕ ಹಸಿ ಐತಿ?”

ಮುದುಕಿ ನಿಟ್ಟುಸಿರು ಬಿಟ್ಟಳು. “ಯಾರಿಗೂ ಹೇಳಬ್ಯಾಡ ಅಂದಿದ್ದ. ಈಗ ಹೇಳಲಾರ್ದ ಇದ್ರ ಪಾಪ ಬರತೈತಿ. ಶಿವಯೋಗಿ ಬಂದಿದ್ದ ತಂಗಿ. ಇವತ್ತ ಮುಂಜಾನಿ. ನಿಮ್ಮ ಜೀಪ ಬರೂಕಿಂತ ಒಂದ ತಾಸ ಮೊದಲ.”

ಒಂದು ತಾಸು.

“ಹಳೇ ಹೆಪ್ಪು ಯಾವ ಹಳ್ಳದ್ದು ಅಂತ ನಮ್ಮತ್ತಿ ಯಾರಿಗೂ ಹೇಳಿದ್ದಿಲ್ಲ. ಅದನ್ನ ಹುಡಕ್ಕೋತ ಹಳ್ಳ ಹಳ್ಳ ತಿರಗ್ಯಾನಂತ. ಶಿರಹಟ್ಟಿ ಕಡೆ, ಮುಂಡರಗಿ ಕಡೆ, ಎಲ್ಲಾ ಕಡೆ. ‘ಸಿಕ್ತು ಆಯಿ, ನಿನ್ನ ಹೆಪ್ಪಿನ ತವರುಮನಿ ಸಿಕ್ತು’ ಅಂದ. ಡಬ್ಬಿ ತುಂಬಿಸಿ ಕೊಟ್ಟ. ಸೊರಗ್ಯಾನ. ಗಡ್ಡ ಬಿಟ್ಟಾನ.” ಆಕೆ ಡಬ್ಬಿಯ ಮರಳನ್ನು ಬೆರಳಿಂದ ಸರಿಸಿ, ತಳದಿಂದ ಒಂದು ಸಣ್ಣ ಬಟ್ಟೆಯ ಗಂಟು ಎತ್ತಿದಳು. “ಇದನ್ನ ಕೊಟ್ಟ ಹೋಗ್ಯಾನ. 'ಭಾಗ್ಯಾ ಯಾವಾಗರ ಬಂದ್ರ ಕೊಡು' ಅಂದ. ನೀ ಹೋಗೂ ಮುಂದ ಉಡಿಯಾಗ ಹಾಕಬೇಕಂತ ಇಟ್ಟಿದ್ದೆ.”

ಗಂಟು ಕಂಡ ಕೂಡಲೇ ಭಾಗ್ಯಾಳಿಗೆ ತಿಳಿಯಿತು. ಬೆಟಗೇರಿಯ ಮಗ್ಗದ ಮನೆಯಲ್ಲಿ ಹುಟ್ಟಿದವನು ಮಾತ್ರ ಹಾಕುವ ಗಂಟು. ಹರಿದ ಎಳೆ ಕೂಡಿಸುವ, ಚಪ್ಪಟೆಯಾದ, ಸಣ್ಣ ಗಂಟು. ಅವನ ಪ್ರತಿ ಚೀಲದ ಬಾಯಿಗೂ ಅದೇ ಇರುತ್ತಿತ್ತು. ಅಂಥ ಒಂದು ಚೀಲವನ್ನು ಅವಳು ಹದಿನಾಲ್ಕು ತಿಂಗಳಿಂದ ಬಿಚ್ಚದೆ ಇಟ್ಟುಕೊಂಡಿದ್ದಳು.

ಒಳಗೆ ಅವನ ಹಿತ್ತಾಳೆಯ ಕೈಮಸೂರ.

ಆ ಮಸೂರ ಯಾವಾಗಲೂ ಅವನ ಕೊರಳಲ್ಲಿ, ಕೆಂಪು ರೇಷ್ಮೆ ಎಳೆಯಲ್ಲಿ ನೇತಾಡುತ್ತಿತ್ತು. ದಾರ ಗಿಡ್ಡ. ಒಮ್ಮೆ ಗುಡ್ಡದ ಮೇಲೆ ಹರಳು ತೋರಿಸುವಾಗ ಅವನು ಅದನ್ನು ಕೊರಳಿಂದ ತೆಗೆದಿರಲಿಲ್ಲ. ನೋಡಬೇಕೆಂದರೆ ಅವಳೇ ಮುಖ ಅವನ ಗದ್ದದ ಹತ್ತಿರ ತರಬೇಕಾಗಿತ್ತು. ತಂದಿದ್ದಳು. ಕಲ್ಲಿನಲ್ಲಿ ಏನಿತ್ತೋ ಅವಳಿಗೆ ಕಂಡಿರಲಿಲ್ಲ. ಅವನು ಉಸಿರು ಬಿಗಿಹಿಡಿದದ್ದು ಮಾತ್ರ ಇವತ್ತಿಗೂ ನೆನಪಿತ್ತು.

ದಾರಕ್ಕೆ ಈಗ ಹೊಸ ಎಳೆ ಸೇರಿಸಿ, ಅದೇ ಗಂಟು ಹಾಕಿ ಉದ್ದ ಮಾಡಿದ್ದ. ಒಬ್ಬಳೇ ನೋಡುವಷ್ಟು ಉದ್ದ.

“ಇದನ್ನ ಯಾಕ ಕೊಟ್ರು ಆಯಿ? ಇದಿಲ್ಲದ ಅವರು ಕಲ್ಲ ಮುಟ್ಟೂದಿಲ್ಲ.”

“ಆಯೇರಿ ಅಂದ, ಲಗ್ನದ ಉಡುಗೊರಿ.” ಮಾಳವ್ವ ಮತ್ತೆ ಅವಳ ಬರಿಗೊರಳು ನೋಡಿದಳು. “‘ಭಾಗ್ಯಾನ ಲಗ್ನ ಆತೇನು?’ ಅಂತ ಕೇಳಿದ. ನಾ ಹೂಂ ಅಂದೆ. ಆಮ್ಯಾಲ ಕೊರಳಾಗಿಂದ ಇದನ್ನ ತಗದ.”

“ಹೂಂ ಅಂದಿಯಾ? ಯಾಕ?”

“ಪಂಚಮಿ ಹೊತ್ತಿಗೆ ಬಂದಾಗ ಈ ಸರ್ ಹೇಳಿದ್ರಲ್ಲ. ನಿನ್ನ ಲಗ್ನ ಆತು, ಇವರ ಜೋಡಿನ ಆತು ಅಂತ.”

ಭಾಗ್ಯಾ ತಿರುಗಿ ನೋಡಿದಳು. ಕಳಕೇಶ ನೆಲ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

“ಮಾತು ಹಿಂದ ಮುಂದ ಆಗಿರತಾವು,” ಎಂದ. “ನಿಮ್ಮಪ್ಪನ ಕೂಡ ಮಾತಾಡಬೇಕಂತ ಇತ್ತು ನನ್ನ ಮನಸಿನ್ಯಾಗ...”

ಅವಳಿಗೆ ಕೂಗಬೇಕೆನಿಸಿತು. ಕೂಗಲು ಬಾರದೆ, ಮಸೂರವನ್ನು ಕಣ್ಣಿಗೆ ಹಿಡಿದಳು. ಅಳು ಮುಚ್ಚಿಕೊಳ್ಳಲು ಅದೊಂದೇ ದಾರಿ. ಡಬ್ಬಿಯ ಹಸಿ ಮರಳನ್ನು ಅಂಗೈಗೆ ಹಾಕಿ ಬಾಗಿಲಿನ ಬೆಳಕಿಗೆ ಒಡ್ಡಿದಳು. ಕಪ್ಪು ಕಣ. ಕಪ್ಪು ಕಣ. ಬಿಳಿ. ಆಮೇಲೆ ಎಳೆಯ ದಾಳಿಂಬೆ ಬೀಜದ ಬಣ್ಣದ ಒಂದು ಚುಕ್ಕೆ.

ಅದು ದುಂಡಗಿರಲಿಲ್ಲ.

ಪಕ್ಕದಲ್ಲಿ ಇನ್ನೊಂದು. ಅದಕ್ಕೂ ಚೂಪಾದ ತುದಿ. ಮುರಿಯದ ಅಂಚು. ಹಳ್ಳದಲ್ಲಿ ಉರುಳದ ಹರಳು. ತಾಯಿಬಂಡೆಯಿಂದ ಈಗಷ್ಟೇ ಬಿಡಿಸಿಕೊಂಡು ಬಂದದ್ದು.

“ಮೂಲಿ ಐತಿ!” ಎಂದು ಅವಳು ಕೂಗಿಬಿಟ್ಟಳು. ಹುಟ್ಟಿದಾಗಿನಿಂದ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದಿಲ್ಲ. “ಆಯಿ, ಇದಕ್ಕ ಮೂಲಿ ಐತಿ! ಬಂಡಿಗಲ್ಲ ಇಲ್ಲೇ ಐತಿ, ಈ ಹಳ್ಳದ ಮ್ಯಾಲೇ ಐತಿ, ಅವರು...”

ಆಡಿದ ಮಾತಿನ ಅರ್ಥ ಅವಳಿಗೆ ಹೊಳೆಯುವ ಮೊದಲೇ ಕಳಕೇಶನಿಗೆ ಹೊಳೆದಿತ್ತು. ಆ ಹಳೆಯ ಬಂಡೆ ಈ ಹಳ್ಳದ ಮೇಲಿದ್ದರೆ, ಶಿವಯೋಗಿಯೂ ಅಲ್ಲೇ ಇರಬೇಕು. ಅವನು ಎದ್ದ. ಒಳ್ಳನ್ನು ನೋಡದೆ ದಾಟಿದ. ಹೊರಗೆ ಬೈಕು ಚಾಲೂ ಆಯಿತು. ಅದು ಡಾಂಬರು ರಸ್ತೆಯ ಕಡೆ ಹೋಗಲಿಲ್ಲ. ಹಳ್ಳದ ಪಕ್ಕದ ಕಾಲುದಾರಿ ಹಿಡಿದು ಮೇಲಕ್ಕೆ, ಗುಡ್ಡದ ಕಡೆಗೆ ಹತ್ತಿತು.

“ರಫೀಕಣ್ಣಾ, ಜೀಪು!”

“ಆ ದಾರ್ಯಾಗ ಜೀಪ ಹೋಗಾಂಗಿಲ್ಲ ಅಕ್ಕಾರ! ಆಡ ಹೋಗೂ ದಾರಿ ಅದು!”

ಭಾಗ್ಯಾ ಮಸೂರ ಕೊರಳಿಗೆ ಹಾಕಿಕೊಂಡು ಏರಿ ಇಳಿದು ಓಡಿದಳು. ಚಪ್ಪಲಿ ದಂಡೆಯಲ್ಲೇ ಬಿಟ್ಟು ನೀರಿಗೆ ಇಳಿದಳು.

ಮುಂಜಾನೆ ತಳದ ಹರಳು ಎಣಿಸುವಷ್ಟು ತಿಳಿಯಾಗಿದ್ದ ಹಳ್ಳದಲ್ಲಿ ಈಗ ತೆಳ್ಳನೆಯ ಬೂದು ಎಳೆಯೊಂದು ತೇಲಿ ಬರುತ್ತಿತ್ತು. ಅವಳು ಬಗ್ಗಿ ಅಂಗೈಯಲ್ಲಿ ಹಿಡಿದಳು. ರಾಡಿ. ಮೇಲೆ ಯಾರೋ ಮರಳು ಕೆದಕುತ್ತಿದ್ದರು. ನೀರು ಅದರ ಸುದ್ದಿ ತರುತ್ತಿತ್ತು. ಅವನು ದೂರವಿರಲಿಲ್ಲ. ಬೆರಳ ಸಂದಿಯಿಂದ ಇಳಿಯುವ ಈ ಮಣ್ಣು ಸ್ವಲ್ಪ ಹೊತ್ತಿನ ಹಿಂದೆ ಅವನ ಕೈಯಲ್ಲಿತ್ತು.

“ಲಗ್ನ ಆಗಿಲ್ಲ,” ಎಂದಳು ನೀರಿಗೆ. ಹದಿನಾಲ್ಕು ತಿಂಗಳಲ್ಲಿ ಅವನಿಗೆಂದು ಆಡಿದ ಮೊದಲ ಮಾತು. ಆಮೇಲೆ ಪ್ರವಾಹಕ್ಕೆ ಎದುರಾಗಿ ನಡೆಯತೊಡಗಿದಳು. ಕಲ್ಲು ಕಾಲಿಗೆ ಚುಚ್ಚುತ್ತಿತ್ತು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಬೂದು ಎಳೆ ದಪ್ಪವಾಗುತ್ತ ಬಂತು.

ಮೇಲೆ, ಬಂಡೆಗಳ ಆಚೆ, ಬೈಕಿನ ಸದ್ದು ನಿಂತಿತು.

ಅವಳು ನಿಂತು ಆಲಿಸಿದಳು. ಮಾತು ಕೇಳಲಿಲ್ಲ. ಜಗಳವೂ ಕೇಳಲಿಲ್ಲ. ಒಂದು ಕಲ್ಲು ಉರುಳಿ ನೀರಿಗೆ ಬಿದ್ದ ಸಪ್ಪಳವಾಯಿತು, ಅಷ್ಟೇ.

ಕೆಳಗೆ ನೋಡಿದಳು. ಬೂದು ಎಳೆ ತೆಳ್ಳಗಾಗುತ್ತಿತ್ತು. ಇನ್ನೂ ತೆಳ್ಳಗಾಯಿತು. ಕಡಿಯಿತು.

ಅವಳ ಪಾದದ ಸುತ್ತ ಹಳ್ಳ ಮತ್ತೆ ತಿಳಿಯಾಗಿ ಹರಿಯತೊಡಗಿತು.